ಮರುಗದ ಎಣ್ಣೆ

ಲಖನೌ
6 ಫೆಬ್ರವರಿ 1958, ಗುರುವಾರ

ಪೂಜ್ಯ ಕಮಲಮ್ಮನವರಿಗೆ ಬಿಂದುಮಾಧವನ ನಮಸ್ಕಾರಗಳು.

ಈ ಕಾಗದದ ಹಿಂದೆಯೇ ಒಂದು ಪುಟ್ಟ ಮರದ ಪೆಟ್ಟಿಗೆ ಬರುತ್ತದೆ. ಗಾಬರಿಯಾಗಬೇಡಿ. ಹೊಟ್ಟಿನ ಮಧ್ಯೆ ಒಂದೇ ಒಂದು ಬಾಟಲಿ ಇದೆ, ನಿಮ್ಮ ಕೈಬೆರಳಿಗೆ ಹಚ್ಚುವುದಕ್ಕೆ.

ನಿಮ್ಮ ಬೆರಳಿನ ಗಂಟುಗಳು ಊದಿಕೊಂಡು ಪೆನ್ನು ಹಿಡಿಯಲಾಗದಂತಾಗಿದೆ ಎಂದು ನಿಮ್ಮ ಮೈದುನ ಲಕ್ಷ್ಮೀನರಸಿಂಹಯ್ಯನವರು ಸಂಕ್ರಾಂತಿಯ ಕಾಗದದಲ್ಲಿ ಬರೆದಿದ್ದರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಆದರೆ ನನಗೆ ಬೇಕಾಗಿರುವುದು ನಿಮ್ಮ ಕಾಗೆಕಾಲು ಗುಬ್ಬಿಕಾಲು. ನಿಮ್ಮ ಯಜಮಾನರು, ನಮ್ಮ ಮೇಷ್ಟ್ರು, ತೀರಿಕೊಂಡ ಈ ಮೂರು ವರ್ಷಗಳಲ್ಲಿ ಮೈಸೂರಿನಿಂದ ನನಗೆ ಬರುತ್ತಿದ್ದ ಕಾಗದ ಅದೊಂದೇ. ಅದೂ ನಿಂತರೆ ನನಗೊಂದು ಊರಿತ್ತು ಎನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಇಲ್ಲಿ ನನ್ನ ಕೆಲಸ ಏನೆಂದು ನೀವು ಎಷ್ಟೋ ಸಲ ಕೇಳಿದ್ದೀರಿ. ಔಷಧಿ ಗಿಡಗಳ ಸೊಪ್ಪನ್ನು ಆವಿಯಲ್ಲಿ ಬೇಯಿಸಿ ಅದರ ಸುಗಂಧದ ಎಣ್ಣೆ ಇಳಿಸುತ್ತೇನೆ. ಅದಕ್ಕೆ ಊತ ಇಳಿಸುವ ಗುಣ ಇದೆಯೇ ಎಂದು ನೋಡುತ್ತೇನೆ. ಇಲಿಯ ಕಾಲಿಗೆ ಸೂಜಿಮದ್ದು ಕೊಟ್ಟು ಊದಿಸುವುದು, ಎಣ್ಣೆ ಹಚ್ಚುವುದು, ಆಮೇಲೆ ಆ ಕಾಲನ್ನು ಪಾದರಸದಲ್ಲಿ ಅದ್ದಿ ಎಷ್ಟು ಇಳಿಯಿತು ಎಂದು ಅಳೆಯುವುದು. ಪಾಪದ ಕೆಲಸವೇ. ಆದರೆ ಇಷ್ಟು ದಿನ ನೋಡಿದ ಎಣ್ಣೆಗಳಲ್ಲಿ ಒಂದು ಎಲ್ಲವನ್ನೂ ಮೀರಿಸಿದೆ. ಯಾವುದು ಗೊತ್ತೇ? ನಮ್ಮ ಮರುಗ! ಮಲ್ಲಿಗೆ ದಂಡೆಯ ನಡುನಡುವೆ ಸೇರಿಸಿ ಕಟ್ಟುತ್ತಾರಲ್ಲ, ಅದೇ. ಅದರ ಎಣ್ಣೆಯನ್ನು ಎಳ್ಳೆಣ್ಣೆಯಲ್ಲಿ ಬೆರೆಸಿ ಕಳಿಸಿದ್ದೇನೆ. ವಾಸನೆ ಅಷ್ಟೇನೂ ಇಲ್ಲ. ಬೆಳಿಗ್ಗೆ ಸಂಜೆ ಗಂಟುಗಳಿಗೆ ತಿಕ್ಕಿಕೊಳ್ಳಿ.

ಗುರುವಾರವೇ ಕೂತು ಬರೆಯುತ್ತಿದ್ದೇನೆ. ಕಾಲೇಜಿನ ನಾಲ್ಕು ವರ್ಷ ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡವನು ನಾನು. ಉಳಿದ ಮನೆಗಳಲ್ಲಿ ಅನ್ನ ಹಾಕಿದರು. ಗುರುವಾರ ಅಗ್ರಹಾರದ ನಿಮ್ಮ ಮನೆಯಲ್ಲಿ "ಇನ್ನೊಂಚೂರು ಹಾಕ್ಲೇನೋ" ಎಂದು ಕೇಳಿ ಹಾಕಿದಿರಿ.

ನಿಮ್ಮ
ಬಿಂದುಮಾಧವ


ಅಗ್ರಹಾರ, ಮೈಸೂರು
3 ಮಾರ್ಚ್ 1958

ಶ್ರೀ ಬಿಂದುಮಾಧವ ಅವರಿಗೆ ಲಕ್ಷ್ಮೀನರಸಿಂಹನ ವಂದನೆಗಳು. ತರುವಾಯ, ಅತ್ತಿಗೆಯವರು ಹೇಳಿದ್ದನ್ನು ಈ ಕೆಳಗೆ ಬರೆದಿರುತ್ತೇನೆ.

ಚಿರಂಜೀವಿ ಬಿಂದುವಿಗೆ ಆಶೀರ್ವಾದ. ಪೆಟ್ಟಿಗೆ ಒಡೆಯದೆ ತಲುಪಿತು. ಅಷ್ಟು ದೂರದಿಂದ ನೆನಪಿಟ್ಟು ಕಳಿಸಿದೆಯಲ್ಲ, ಅದೇ ದೊಡ್ಡದು. ಊತ ಇಳಿದಿಲ್ಲ. ಬೆಳಗಿನ ಹೊತ್ತು ಜಾಸ್ತಿ. ಲೋಟ ಎರಡು ಕೈಯಲ್ಲಿ ಹಿಡಿಯುತ್ತೇನೆ. ಅದಕ್ಕೆಲ್ಲ ನೀನು ಊಟ ಬಿಟ್ಟು ಕೂರಬೇಡ. ಇಲ್ಲಿ ಎಲ್ಲರೂ ಕ್ಷೇಮ. ಲಕ್ಷ್ಮೀನರಸಿಂಹನ ಹೆಂಡತಿ ಚಂದ್ರಮತಿ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದಳು. ಮದುವೆ ಯಾವಾಗ ಎಂದೂ ಕೇಳುತ್ತಾಳೆ.

ಇತಿ, ಅತ್ತಿಗೆಯವರ ಪರವಾಗಿ,
ಲಕ್ಷ್ಮೀನರಸಿಂಹ


ಲಖನೌ
20 ಮಾರ್ಚ್ 1958, ಗುರುವಾರ

ಪೂಜ್ಯ ಕಮಲಮ್ಮನವರಿಗೆ,

ನಿಮ್ಮ ಉತ್ತರ ಓದಿ ತಲೆ ಕೆಟ್ಟುಹೋಯಿತು. ಇಲಿಗೆ ಇಳಿದದ್ದು ನಿಮಗೇಕೆ ಇಳಿಯಲಿಲ್ಲ? ನೀವು ಸರಿಯಾಗಿ ತಿಕ್ಕಿಕೊಂಡಿರಿ ತಾನೇ? ಮದ್ದನ್ನು ಕಿಟಕಿಯಿಂದಾಚೆ ಚೆಲ್ಲಿ "ಕುಡಿದೆ" ಎನ್ನುವವರು ನೀವು ಎಂದು ಮೇಷ್ಟ್ರು ನಗುತ್ತಿದ್ದುದು ನೆನಪಿದೆ.

ಈಗ ಕಳಿಸಿರುವ ಬಾಟಲಿಯಲ್ಲಿ ಮರುಗ ಎರಡರಷ್ಟಿದೆ. ಇದಕ್ಕೂ ಬಗ್ಗದಿದ್ದರೆ ನಿಮ್ಮ ಬೆರಳು ನಿಮ್ಮಷ್ಟೇ ಹಠದವು ಎಂದುಕೊಳ್ಳುತ್ತೇನೆ.

ಇದನ್ನು ಬೆರೆಸುವಾಗ ಒಂದು ಗುರುವಾರ ನೆನಪಾಯಿತು. ಮೇಷ್ಟ್ರು ಸ್ಕೂಲಿನಿಂದ ಗಾಜಿನ ಕೊಳವೆ ತಂದು, ನಿಮ್ಮ ಸಾರಿನ ತಪ್ಪಲೆಯನ್ನೇ ಒಲೆಯ ಮೇಲಿಟ್ಟು ಮರುಗ ಬೇಯಿಸಿದ್ದರಲ್ಲ. ಲೋಟದೊಳಗೆ ನೀರಿನ ಮೇಲೆ ಹಳದಿ ಬೊಟ್ಟೊಂದು ತೇಲಿತು. "ನೋಡೋ, ಗಿಡದ ಜೀವ" ಎಂದರು. ನೀವು ಬಂದು, "ಜೀವ ಆಮೇಲೆ ನೋಡ್ಕೊಳ್ಳಿ, ನನ್ನ ತಪ್ಪಲೆ ಕೊಡಿ" ಎಂದಿರಿ. ಆಮೇಲೆ ತಿಂಗಳುಗಟ್ಟಲೆ ನಿಮ್ಮ ಸಾರಿನಲ್ಲಿ ಮರುಗದ ವಾಸನೆ. ನಾನು ಈ ಕೆಲಸಕ್ಕೆ ಬಿದ್ದದ್ದು ಆ ಬೊಟ್ಟಿನಿಂದಲೇ.

ಮದುವೆಯ ಸುದ್ದಿ ಇಲ್ಲ ಎಂದು ಚಂದ್ರಮತಿಯವರಿಗೆ ಹೇಳಿ.

ನಿಮ್ಮ
ಬಿಂದು


ಅಗ್ರಹಾರ, ಮೈಸೂರು
14 ಏಪ್ರಿಲ್ 1958

ಶ್ರೀ ಬಿಂದುಮಾಧವ ಅವರಿಗೆ ವಂದನೆಗಳು. ಎರಡನೆಯ ಬಾಟಲಿ ತಲುಪಿರುತ್ತದೆ. ಅತ್ತಿಗೆಯವರು ಹೇಳಿದ್ದು:

ಊತ ಹಾಗೇ ಇದೆ. ಇನ್ನು ಕಳಿಸಬೇಡಪ್ಪ.

ಇಷ್ಟೇ ಹೇಳಿದರು. ಬೇರೆ ಏನಾದರೂ ಸೇರಿಸಲೇ ಎಂದು ಕೇಳಿದೆ. "ಬೇಡ ಬಿಡು" ಎಂದು ಎದ್ದು ಹೋದರು. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನನ್ನ ಪದ್ಧತಿ. ಆದ್ದರಿಂದ ಬರೆದಿದ್ದೇನೆ.

ಇತಿ,
ಲಕ್ಷ್ಮೀನರಸಿಂಹ


ಲಖನೌ
19 ಜೂನ್ 1958, ಗುರುವಾರ

ಪೂಜ್ಯ ಕಮಲಮ್ಮನವರಿಗೆ,

ಈ ಕಾಗದ ನೀವೊಬ್ಬರೇ ಓದಿ. ಓದಿದ್ದನ್ನು ಯಾರಿಗೂ ಹೇಳಬೇಡಿ, ಲಕ್ಷ್ಮೀನರಸಿಂಹಯ್ಯನವರಿಗೂ.

"ಇನ್ನು ಕಳಿಸಬೇಡ" ಎಂದಿರಿ. ಎರಡು ತಿಂಗಳು ನನಗೆ ಕಾಗದ ಬರೆಯಲು ಮನಸ್ಸೇ ಬರಲಿಲ್ಲ. ನನ್ನ ಎಣ್ಣೆ ಬೇಡ ಎಂದಿರೋ, ನನ್ನ ಉಪದ್ರವವೇ ಬೇಡ ಎಂದಿರೋ ತಿಳಿಯದೆ ಒದ್ದಾಡಿದೆ. ಎಷ್ಟಾದರೂ ನಾನು ವಾರದ ಹುಡುಗ. ವಾರ ಮುಗಿದ ಮೇಲೆ ಬಾಗಿಲು ತಟ್ಟುವುದು ತಪ್ಪು ಎಂದೂ ಅನ್ನಿಸಿತು. ಕೋಪ ಮಾಡಿಕೊಂಡದ್ದು ನಿಜ. ಈಗ ಇಲ್ಲ.

ಹೇಳಬೇಕಾದದ್ದು ಬೇರೆ. ಹೋದ ವರ್ಷ ದೇಶಕ್ಕೆಲ್ಲ ಬಂದ ಫ್ಲೂ ಜ್ವರ ನನಗೂ ಬಂತು ಎಂದು ಬರೆದಿದ್ದೆ. ಜ್ವರ ವಾಸಿಯಾಯಿತು ಎಂದೂ ಬರೆದಿದ್ದೆ. ಅದು ಹೋಗುವಾಗ ನನ್ನ ಮೂಗಿನ ಶಕ್ತಿಯನ್ನು ಜೊತೆಗೆ ಕರೆದುಕೊಂಡು ಹೋಯಿತು ಎಂದು ಬರೆಯಲಿಲ್ಲ. ನನಗೆ ಯಾವ ವಾಸನೆಯೂ ಬರುವುದಿಲ್ಲ, ಅಮ್ಮ. ಸ್ಪಿರಿಟ್ಟಾಗಲಿ ಸಾರಾಗಲಿ, ಯಾವುದೂ ಇಲ್ಲ. ಹೋದ ತಿಂಗಳು ಅನ್ನ ಸೀದು ತಪ್ಪಲೆ ಕರಕಲಾಗಿದ್ದರೂ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವವರೆಗೆ ನಾನು ಓದುತ್ತಾ ಕೂತಿದ್ದೆ.

ಇಲ್ಲಿ ಎಲ್ಲರಿಗೂ ನೆಗಡಿ ಎಂದು ಹೇಳಿದ್ದೇನೆ. ಸುಗಂಧದ ಎಣ್ಣೆ ತೆಗೆಯುವವನಿಗೆ ಮೂಗಿಲ್ಲ ಎಂದು ಗೊತ್ತಾದರೆ ಈ ಮೇಜಿನ ಮುಂದೆ ಯಾರು ಕೂರಿಸುತ್ತಾರೆ? ಎಣ್ಣೆ ಇಳಿದಾಗ ಪಕ್ಕದ ಮೇಜಿನ ಶ್ರೀವಾಸ್ತವನಿಗೆ ಬಾಟಲಿ ಒಡ್ಡಿ "ಹೇಗಿದೆ?" ಎನ್ನುತ್ತೇನೆ. ಅವನು ಹೇಳಿದ್ದನ್ನು ನನ್ನದೇ ಅಭಿಪ್ರಾಯ ಎಂಬಂತೆ ಬರೆದುಕೊಳ್ಳುತ್ತೇನೆ. ಒಂದು ವರ್ಷದಿಂದ ನೆಗಡಿ! ಅವನು ಒಳ್ಳೆಯವನು, ಇನ್ನೂ ಶುಂಠಿ ಕಷಾಯ ಕುಡಿ ಎನ್ನುತ್ತಾನೆ.

ಈ ಊರಿನಲ್ಲಿ ನನ್ನವರು ಅಂತ ಯಾರೂ ಇಲ್ಲ. ಮೊದಲು ಸಂಜೆ ಯಾವುದೋ ಮನೆಯ ಒಗ್ಗರಣೆ ಮೂಗಿಗೆ ಬಡಿದರೂ ಗುರುವಾರ ಬಂದ ಹಾಗಾಗುತ್ತಿತ್ತು. ಈಗ ಅದೂ ಇಲ್ಲ. ಒಬ್ಬಂಟಿ ಎಂದರೆ ಏನೆಂದು ಈಗ ಗೊತ್ತಾಗುತ್ತಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಇದನ್ನು ಬರೆಯುತ್ತಾ ಅತ್ತುಬಿಟ್ಟೆ.

ನೀವು ಒಂದು ಮಾತು ಬರೆಸಿ. ಏನಾದರೂ ಸರಿ.

ಬಿಂದು


ಮೈಸೂರು
12 ಜುಲೈ 1958

ಶ್ರೀ ಬಿಂದುಮಾಧವ ಅವರಿಗೆ,

ಇದನ್ನು ನಾನು ಆಫೀಸಿನಲ್ಲಿ ಕೂತು, ನನ್ನದೇ ಜವಾಬ್ದಾರಿಯ ಮೇಲೆ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರಿಗೂ ತಿಳಿಯದು.

ನಿಮ್ಮ ಜೂನ್ ತಿಂಗಳ ಕಾಗದದಲ್ಲಿ ಏನಿತ್ತೋ ಗೊತ್ತಿಲ್ಲ. ಲಕೋಟೆ ಒಡೆದು ನಾನು ಓದುವವನಲ್ಲ. ಓದಿದ ಮೇಲೆ ಅತ್ತಿಗೆ ಒಂದು ದಿನ ಊಟಕ್ಕೆ ಏಳಲಿಲ್ಲ. ಉತ್ತರ ಬರೆಯಬೇಕು ಬಾ ಎಂದು ನನ್ನನ್ನು ಎರಡು ಸಲ ಕರೆದರು. ಎರಡು ಸಲವೂ ನಾನು ತಾರೀಖು ಹಾಕಿ ಕೂತೆ. ನನ್ನ ಮುಖವನ್ನೇ ನೋಡುತ್ತಾ ಕೂತು, ಕಡೆಗೆ "ಹೋಗು ನರಸಿಂಹ, ನಿನ್ನ ಕೈಲಿ ಬರೆಸೋ ಕಾಗದ ಅಲ್ಲ ಇದು" ಎಂದರು. ನನ್ನಿಂದ ಏನು ತಪ್ಪಾಯಿತು ಎಂದು ಬೇಸರವಾಯಿತು. ಯೋಚಿಸಿದಾಗ ತಪ್ಪು ಹೊಳೆಯಿತು. ಅದನ್ನೇ ಬರೆಯುತ್ತಿದ್ದೇನೆ.

ನಿಮ್ಮ ಎಣ್ಣೆಯನ್ನು ಅತ್ತಿಗೆ ಒಂದು ತೊಟ್ಟೂ ಹಚ್ಚಿಕೊಂಡಿಲ್ಲ.

ಮೊದಲನೆಯ ಬಾಟಲಿಯ ಬಿರಡೆಯನ್ನು ಹಜಾರದಲ್ಲಿ ನಾನೇ ತೆಗೆದೆ. ಕೂಡಲೇ ಮನೆಯೆಲ್ಲ ಮರುಗ ಘಮ್ಮೆಂದಿತು, ಮದುವೆಮನೆಯ ಹಾಗೆ. ಚಂದ್ರಮತಿ ಒಳಗಿನಿಂದ ಬಂದು, "ಯಾರು ಹೂವು ತಂದ್ರು?" ಎಂದಳು. ಅತ್ತಿಗೆ ಕೈ ಮುಂದೆ ಚಾಚಿ ಕೂತಿದ್ದವರು ಮೆಲ್ಲಗೆ ಕೈ ಸೆರಗಿನೊಳಗೆ ಎಳೆದುಕೊಂಡರು. ಅಣ್ಣ ಹೋದ ಮೇಲೆ ಹೂವು, ಗಂಧ, ಪರಿಮಳ ಎಲ್ಲ ಬಿಟ್ಟವರು ಅವರು. ನೀವು ಮುಡಿಯುವ ಮರುಗವನ್ನೇ ಕಳಿಸಿದಿರಿ. ಅದನ್ನು ಹಚ್ಚಿಕೊಂಡು ಈ ಬೀದಿಯಲ್ಲಿ ಓಡಾಡುವುದು ಹೇಗೆ? ಮೂರು ಮನೆ ಆಚೆಗೂ ತಿಳಿಯುತ್ತದೆ. ಬಾಟಲಿ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ.

ಹಚ್ಚಿಕೊಳ್ಳಬೇಡಿ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ಹಚ್ಚಿಕೊಳ್ಳಿ ಎಂದೂ ಹೇಳಲಿಲ್ಲ. ಆವತ್ತಿನ ಕಾಗದದಲ್ಲಿ ಇದನ್ನು ಬರೆಯಲೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ನಿಮ್ಮ
ಲಕ್ಷ್ಮೀನರಸಿಂಹ


ಲಖನೌ
21 ಆಗಸ್ಟ್ 1958, ಗುರುವಾರ

ಪೂಜ್ಯ ಕಮಲಮ್ಮನವರಿಗೆ,

ನನಗೆ ವಿಷಯ ತಿಳಿಯಿತು. ಹೇಗೆ ಎಂದು ಕೇಳಬೇಡಿ.

ನಾನು ಎಂಥ ಮಂಕು! ಮೇಷ್ಟ್ರು ಹೋದ ಸುದ್ದಿ ಕೇಳಿ ಇಲ್ಲಿಂದ ಕಾಗದ ಬರೆದೆನೇ ಹೊರತು ಬಂದು ನೋಡಲಿಲ್ಲ. ನನ್ನ ಕಣ್ಣಿಗೆ ನೀವು ಇನ್ನೂ ತುರುಬಿಗೆ ದಂಡೆ ಮುಡಿದು ಸಾರು ಬಡಿಸುತ್ತಲೇ ಇದ್ದೀರಿ. ಅದರ ಮೇಲೆ "ವಾಸನೆ ಅಷ್ಟೇನೂ ಇಲ್ಲ" ಎಂದು ಬೇರೆ ಬರೆದೆ. ಆವತ್ತು ಶ್ರೀವಾಸ್ತವ ರಜೆಯಲ್ಲಿದ್ದ. ಎಳ್ಳೆಣ್ಣೆಯಲ್ಲಿ ಬೆರೆತರೆ ಇನ್ನೆಷ್ಟು ಉಳಿದೀತು ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡೆ.

ಈ ತಿಂಗಳೆಲ್ಲ ಮರುಗದೆಣ್ಣೆಯ ವಾಸನೆ ತೆಗೆಯಲು ಹೆಣಗಿದೆ. ಇದ್ದಿಲಿನ ಪುಡಿಯಲ್ಲಿ ಸೋಸಿದೆ. ಬಿಸಿ ಗಾಳಿ ಹಾಯಿಸಿದೆ. ಹೋಯಿತೇ ಎಂದು ಪ್ರತಿ ಸಲ ಶ್ರೀವಾಸ್ತವನ ಮೂಗಿಗೇ ಹಿಡಿದೆ. ಕಡೆಗೆ, "ಈಗ ಏನೂ ಇಲ್ಲ, ಬರೀ ಎಣ್ಣೆ" ಎಂದ. ಕುಣಿಯುವಷ್ಟು ಸಂತೋಷವಾಯಿತು. ಇಲಿಯ ಕಾಲಿಗೆ ಹಚ್ಚಿದೆ. ಊತ ಎಳ್ಳಷ್ಟೂ ಇಳಿಯಲಿಲ್ಲ. ವಾಸನೆ ಎಲ್ಲಿದೆಯೋ ಗುಣವೂ ಅಲ್ಲೇ ಇದೆ, ಎರಡನ್ನೂ ಬೇರೆ ಮಾಡಲು ನನ್ನ ಕೈಲಾಗಲಿಲ್ಲ.

ಅದಕ್ಕೆ ಈ ಸಲ ಲಕ್ಕಿ ಸೊಪ್ಪಿನ ಎಣ್ಣೆ ಕಳಿಸಿದ್ದೇನೆ. ಇಲವಾಲದ ರಸ್ತೆಯ ಬೇಲಿಯಲ್ಲಿ ಬೆಳೆಯುವ ಅದೇ ಲಕ್ಕಿ. ಬಾಣಂತಿಗೆ ಎರೆಯುವ ನೀರಿನ ವಾಸನೆ, ಯಾರೂ ಏನೂ ಅನ್ನುವುದಿಲ್ಲ. ಗುಣ ಮರುಗದಷ್ಟಿಲ್ಲ, ಆದರೂ ಅಷ್ಟೋ ಇಷ್ಟೋ ಆಗಬಹುದು. ಆ ಹಳೆಯ ಬಾಟಲಿಗಳನ್ನು ಚರಂಡಿಗೆ ಚೆಲ್ಲಿಬಿಡಿ.

ನನ್ನ ಹಿಂದಿನ ಕಾಗದಕ್ಕೆ ನೀವು ಉತ್ತರ ಬರೆಸಲಿಲ್ಲ. ಇಲ್ಲದ ಕಷ್ಟ ನಿಮ್ಮ ತಲೆಗೆ ಕಟ್ಟಿದೆ, ಹೇಳಬಾರದಿತ್ತು. ಮರೆತುಬಿಡಿ.

ಬಿಂದುಮಾಧವ


ಮೈಸೂರು
27 ನವೆಂಬರ್ 1958, ಗುರುವಾರ

ಬಿಂದು,

ನಾನೇ ಬರೆಯುತ್ತಿದ್ದೇನೆ. ನೋಡು, ಕಾಗೆಕಾಲು.

ಕಾಗದ ಓದಿದೆ. ಮರೆತಿಲ್ಲ. ಇಷ್ಟಕ್ಕೇ ಕೈ ಸೋತಿತು. ಇನ್ನೊಮ್ಮೆ.

ಕಮಲಮ್ಮ


ಲಖನೌ
11 ಡಿಸೆಂಬರ್ 1958, ಗುರುವಾರ

ಪೂಜ್ಯ ಕಮಲಮ್ಮನವರಿಗೆ,

ನಿಮ್ಮ ಅಕ್ಷರ! ಲಕೋಟೆ ನೋಡಿ ಪೋಸ್ಟ್‌ಮ್ಯಾನ್ ಎದುರಿಗೇ ನಕ್ಕುಬಿಟ್ಟೆ. ನಾಲ್ಕು ಸಾಲನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಾಡುತ್ತಿದ್ದೇನೆ.

ಹಾಗಾದರೆ ಲಕ್ಕಿ ಕೆಲಸ ಮಾಡಿತು! ಇಲಿಯ ಮೇಲೆ ಹಿಂದೆ ಬಿದ್ದದ್ದು ಮನುಷ್ಯರ ಮೇಲೆ ಮುಂದೆ ಬಂತು. ಮುಂದಿನ ತಿಂಗಳು ನನ್ನ ವರದಿ ಒಪ್ಪಿಸಬೇಕು. ಮರುಗವನ್ನು ಕೈಬಿಟ್ಟು ಲಕ್ಕಿಯನ್ನು ಮುಂದುವರಿಸಬೇಕು ಎಂದು ಬರೆಯೋಣ ಎಂದಿದ್ದೇನೆ. ಎಷ್ಟು ದಿನಕ್ಕೆ ಇಳಿಯಿತು, ಯಾವ ಬೆರಳು ಮೊದಲು ಬಗ್ಗಿತು, ಎಲ್ಲ ಬೇಕು. ಬೇಗ ಬರೆಯಿರಿ.

ನಿಮ್ಮ
ಬಿಂದು


ಅಗ್ರಹಾರ, ಮೈಸೂರು
22 ಜನವರಿ 1959, ಗುರುವಾರ

ಚಿರಂಜೀವಿ ಬಿಂದುವಿಗೆ,

ಲಕ್ಷ್ಮೀನರಸಿಂಹನ ಹಾಗೆ "ತರುವಾಯ" ಎಂದು ಶುರು ಮಾಡಲು ನನಗೆ ಬರುವುದಿಲ್ಲ. ನೇರವಾಗಿ ಹೇಳುತ್ತೇನೆ. ವರದಿಯಲ್ಲಿ ಲಕ್ಕಿ ಎಂದು ಬರೆದು ಕೆಡಬೇಡ. ಲಕ್ಕಿಯನ್ನು ದಸರಾ ಮುಗಿಯುವವರೆಗೂ ತಿಕ್ಕಿದೆ. ಕೈ ಬಿಸಿಯಾಯಿತು, ಬೆರಳು ಬಗ್ಗಲಿಲ್ಲ. ಇದು ಮರುಗ.

ಜೂನ್ ತಿಂಗಳ ನಿನ್ನ ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ ಕಣೋ. ಯಾರಿಗೂ ಹೇಳಬೇಡಿ ಎಂದಿದ್ದೆ. ಹೇಳದೆ ಬರೆಸುವುದು ಹೇಗೆ? ಲಕ್ಷ್ಮೀನರಸಿಂಹ ಪೆನ್ನು ಹಿಡಿದು ಕೂತರೆ ನನ್ನ ಬಾಯಲ್ಲಿ ಬರುವುದೆಲ್ಲ "ಇಲ್ಲಿ ಎಲ್ಲರೂ ಕ್ಷೇಮ" ಅಷ್ಟೇ. ಅವನು ಒಳ್ಳೆಯವನು. ಆದರೆ ಇನ್ನೊಬ್ಬರ ಕೈಯಲ್ಲಿ ಎಷ್ಟು ಅಳಲು ಸಾಧ್ಯ? ಆ ಹುಡುಗ ಅಲ್ಲಿ ಒಂದು ಮಾತಿಗೆ ಕಾದು ಕೂತಿದ್ದಾನೆ, ನನಗೆ ಒಂದು ಸಾಲು ಗೀಚಲು ಬೆರಳಿಲ್ಲವಲ್ಲ ಎಂದು ದಿನಾ ಕೊರಗಿದೆ. ಬರೀ ನೋವಿಗೆ ಹೆದರಿ ಆ ಮರುಗದ ಬಾಟಲಿ ಇಳಿಸುವವಳಲ್ಲ ನಾನು. ಲೋಟ ಎರಡು ಕೈಯಲ್ಲಿ ಹಿಡಿದುಕೊಂಡೇ ಕಾಲ ಕಳೆಯುತ್ತಿದ್ದೆ. ನಿನಗೆ ಉತ್ತರ ಬರೆಯಬೇಕಿತ್ತು, ಅದಕ್ಕೆ ಇಳಿಸಿದೆ. ಲಕ್ಕಿ ಸೋತ ಮೇಲೆ ಅಟ್ಟದಿಂದ ಮರುಗ ಇಳಿಸಿದೆ.

ಮೊದಲ ದಿನ ಹೂವಿನ ದೇವಿರಮ್ಮ ಬಾಗಿಲಿಗೆ ಬಂದಳು. ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು. "ಇದೇನ್ರವ್ವ, ನಾನಿನ್ನೂ ಬುಟ್ಟಿನೇ ಇಳ್ಸಿಲ್ಲ, ಆಗ್ಲೇ ಮರುಗ ಗಮ್ ಅಂತದೆ! ಬ್ಯಾರೆ ಯಾರ್ ತಾವನಾದ್ರೂ ತಕ್ಕಂಬುಟ್ರಾ?" ಎಂದಳು. ಚಂದ್ರಮತಿ ನನ್ನ ಕಡೆ ನೋಡಿದಳು. ನಾನು ಎರಡು ಕೈಯನ್ನೂ ಚಾಚಿ, "ನನ್ನ ಕೈ ಕಣೇ, ಔಷಧಿ" ಎಂದೆ. ದೇವಿರಮ್ಮ ಕೈ ಹಿಡಿದು ಮೂಸಿ, "ಅಯ್ಯೋ, ನಿಮ್ ಕೈ ಎಂಗ್ ಊದ್ಬುಟ್ಟದೆ! ತಿಕ್ಕಳಿ ಬುಡಿ, ಯಾರೇನ್ ಅಂದಾರು" ಎಂದಳು.

ಅಂದರು, ಬಿಂದು. ಎದುರಿಗೆ ಯಾರೂ ಅನ್ನಲಿಲ್ಲ. ಮೊದಲು ಹಪ್ಪಳ ಸಂಡಿಗೆಗೆ ಎಲ್ಲ ಮನೆಯವರೂ ನನ್ನನ್ನು ಕರೆಯುತ್ತಿದ್ದರು. ಬೆರಳು ಹೋದ ಮೇಲೂ ಹದ ಹೇಳುವುದಕ್ಕೆ ಕರೆಯುತ್ತಿದ್ದರು. ಈ ಸಲ ಯಾರೂ ಕರೆದಿಲ್ಲ. ಸಂಜೆ ಜಗುಲಿಯಲ್ಲಿ ಹೋಗಿ ಕೂತರೆ ಪಕ್ಕದ ಜಗುಲಿಯವರಿಗೆ ಒಳಗೆ ಏನೋ ಕೆಲಸ ನೆನಪಾಗುತ್ತದೆ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ತುಂಬಾ ಒಂಟಿ ಅನ್ನಿಸುತ್ತದೆ. ನಿನ್ನ ಮೇಷ್ಟ್ರು ಹೋದ ವರ್ಷಕ್ಕಿಂತ ಹೆಚ್ಚು. ಆವಾಗ ಮನೆ ತುಂಬ ಜನವಾದರೂ ಇದ್ದರು. ಆದರೆ ಈಗ ಕೂತು ಬರೆಯಬಲ್ಲೆ, ಅದೊಂದು ಇದೆ.

ನಿನ್ನ ವರದಿಗೆ: ಹೆಬ್ಬೆರಳು, ತೋರುಬೆರಳು ಬಗ್ಗುತ್ತವೆ. ನಡುಬೆರಳು ಅರ್ಧ. ಉಂಗುರದ ಬೆರಳಿಗೆ ಇನ್ನೂ ಕೋಪ ಇಳಿದಿಲ್ಲ. ಚಳಿ ದಿನ ಊತ ಮತ್ತೆ ಬರುತ್ತದೆ, ಹಚ್ಚಿದರೆ ಇಳಿಯುತ್ತದೆ. ಎಣ್ಣೆಯ ಗುಣವೋ ತಿಕ್ಕಿದ ಗುಣವೋ ಎಂದು ನೀನು ಕೇಳುತ್ತೀಯ. ಲಕ್ಕಿಯನ್ನೂ ಅಷ್ಟೇ ತಿಕ್ಕಿದ್ದೆ, ಬರೆದುಕೋ. ಹಚ್ಚಿಕೊಂಡವಳು ಅಗ್ರಹಾರದ ವಿಧವೆ ಎಂದೂ ಬರೆದುಕೋ. ವಾಸನೆಯ ಕಷ್ಟ ಓದಿದವರಿಗೆ ಗೊತ್ತಾಗಲಿ.

ಇನ್ನು ನಿನ್ನ ಮೂಗು. ಮರುಗದ ವಾಸನೆ ಮರೆತಿದ್ದೀಯೇನೋ ಎಂದು ಹೇಳುತ್ತೇನೆ. ಹಚ್ಚಿದ ಕೂಡಲೇ ಖಾರ, ಕರ್ಪೂರ ಮುರಿದ ಹಾಗೆ. ಸ್ವಲ್ಪ ಹೊತ್ತಿಗೆ ಖಾರ ಹೋಗಿ ಹಸಿ ಸೊಪ್ಪಿನ ತಂಪು. ಮಲಗುವ ಹೊತ್ತಿಗೆ ಅದೂ ಆರಿ, ಆ ಗುರುವಾರದ ತಪ್ಪಲೆಯ ಸಾರಿನ ವಾಸನೆ ಬರುತ್ತದೆ. ಸುಳ್ಳಲ್ಲ. ನಿನ್ನೆ ಊಟ ಮಾಡುವಾಗ ಕೈಯಿಂದ ಅದೇ ವಾಸನೆ ಬಂದು, "ನನ್ನ ತಪ್ಪಲೆ ಕೊಡಿ" ಎಂದದ್ದು ನೆನಪಾಗಿ ಒಬ್ಬಳೇ ನಕ್ಕೆ. ನಕ್ಕು ಅತ್ತೆ.

ಎರಡನೆಯ ಬಾಟಲಿ ತಳ ಕಂಡಿದೆ. ಕಳಿಸು. ಇನ್ನು ಕಳಿಸಬೇಡ ಎಂದದ್ದನ್ನು ಹೊಡೆದುಹಾಕು.

ಈ ಕಾಗದದ ಕೆಳಗಿನ ಮೂಲೆಯಲ್ಲಿ ಜಿಡ್ಡಿನ ಗುರುತಿದೆ, ನೋಡು. ಕೈ ಜಾರಿ ಬಿದ್ದದ್ದಲ್ಲ. ಬೇಕೆಂದೇ ಒಂದು ತೊಟ್ಟು ಹಚ್ಚಿದ್ದೇನೆ. ನಿನಗೆ ತಿಳಿಯುವುದಿಲ್ಲ ಎಂದು ಗೊತ್ತು. ಪಕ್ಕದ ಮೇಜಿನ ಶ್ರೀವಾಸ್ತವನ ಹತ್ತಿರ ತೆಗೆದುಕೊಂಡು ಹೋಗು. ಇನ್ನೂ ವಾಸನೆ ಇದೆಯಾ ಎಂದು ಕೇಳು. ಯಾಕೆ ಕೇಳುತ್ತೀಯ ಎಂದು ಅವನು ಕೇಳಿದರೆ, ಈ ಸಲ ನೆಗಡಿ ಎನ್ನಬೇಡ.

ನಿನ್ನ
ಕಮಲಮ್ಮ